ಏಳನೇ ತಾರೀಖಿನ ಮೂರು ಸಾವಿರ

ಪ್ರತಿ ತಿಂಗಳು ಏಳನೇ ತಾರೀಖು ಬೆಳಿಗ್ಗೆ ಬ್ಯಾಂಕಿನಿಂದ ಒಂದು ಮೆಸೇಜು ಬರುತ್ತದೆ, ಖಾತೆಯಿಂದ 3,000 ರೂಪಾಯಿ ಕಡಿತವಾಗಿದೆ ಅಂತ. ಆ ಹೊತ್ತಿಗೆ ನಾನು ಸಾಮಾನ್ಯವಾಗಿ ಜಾಲಹಳ್ಳಿ ಕ್ರಾಸ್ ಹತ್ತಿರ ಬಸ್ಸಿನಲ್ಲಿ ನಿಂತಿರುತ್ತೇನೆ. ಓದಿ, ಸದ್ಯ ಈ ತಿಂಗಳದ್ದೂ ಹೋಯಿತು ಅಂತ ಸಮಾಧಾನಪಟ್ಟು ಫೋನು ಜೇಬಿಗೆ ಹಾಕಿಕೊಳ್ಳುತ್ತೇನೆ. 2024ರ ಜೂನ್ 7ರಂದೂ ಹಾಗೇ ಬಂತು. ಅದಕ್ಕೆ ವಾರದ ಹಿಂದಷ್ಟೇ ಹೊಸ ಸಂಬಳ ಖಾತೆಗೆ ಬಿದ್ದಿತ್ತು, ಕೈಗೆ 92,000. ಆ ಎಸ್‌ಐಪಿ ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳೂ ಕಟ್ಟುವ ಕಂತು ಶುರು ಮಾಡಿದ್ದು 2013ರ ಜೂನ್‌ನಲ್ಲಿ. ಆಗ ಕೈಗೆ ಬರುತ್ತಿದ್ದದ್ದು 24,000. ಬಸ್ಸಿನಲ್ಲೇ ಲೆಕ್ಕ ಹಾಕಿದೆ. ಆಗ ಸಂಬಳದ ಶೇ 12.5 ಉಳಿಸುತ್ತಿದ್ದೆ. ಈಗ ಶೇ 3.3ಕ್ಕಿಂತ ಕಡಿಮೆ. ಒಂದು ಕಂತೂ ತಪ್ಪಿಸಿಲ್ಲ, 132 ಮುಗಿದು ಅವತ್ತಿನದು 133ನೆಯದು. ಆದರೂ ಹನ್ನೊಂದು ವರ್ಷದಲ್ಲಿ ನನ್ನ ಉಳಿತಾಯ ಕಾಲು ಭಾಗಕ್ಕೆ ಇಳಿದಿತ್ತು.

ಇದು ಕೆಲವು ದಿನ ಬಿಡದೆ ಕಾಡಿತು. ಕಟ್ಟದೆ ಬಿಟ್ಟಿದ್ದರೆ ತಪ್ಪು ಎಲ್ಲಿ ಅಂತ ಗೊತ್ತಾಗುತ್ತಿತ್ತು. ನಿಯಮ ತಪ್ಪದೆ ಕಟ್ಟಿಯೂ ಹಿಂದೆ ಬಿದ್ದದ್ದು ಹೇಗೆ? ಬೆಲೆ ಏರಿಕೆಯನ್ನೂ ಸೇರಿಸಿ ನೋಡಿದರೆ ಇನ್ನೂ ಕಷ್ಟ. ವರ್ಷಕ್ಕೆ ಶೇ 6ರಂತೆ ಬೆಲೆ ಏರಿದೆ ಅಂತ ಇಟ್ಟುಕೊಂಡರೆ, ಇವತ್ತಿನ ಈ 3,000 ರೂಪಾಯಿ 2013ರ ಸುಮಾರು 1,580ಕ್ಕೆ ಸಮ. ಸಂಖ್ಯೆ ಬದಲಾಗಲಿಲ್ಲ, ಅದರೊಳಗಿನ ತೂಕ ಮಾತ್ರ ತಿಂಗಳು ತಿಂಗಳೂ ಕರಗುತ್ತಾ ಹೋಯಿತು.

ಏರಿದ ಸಂಬಳ ಎಲ್ಲಿಗೆ ಹೋಯಿತು ಅಂತ ರಾತ್ರಿ ಹೆಂಡತಿಯ ಜೊತೆ ಕೂತು ನೋಡಿದೆ. ದುಂದು ಮಾಡಿದ್ದು ಕಡಿಮೆಯೇ. ದಾಸರಹಳ್ಳಿಯಲ್ಲಿ 6,500ಕ್ಕೆ ಹಿಡಿದಿದ್ದ ಒಂದು ರೂಮಿನ ಮನೆ ಬಿಟ್ಟು ಈಗ 17,000ದ ಮನೆಯಲ್ಲಿದ್ದೇವೆ. ಮಗಳ ಶಾಲೆ, ವ್ಯಾನು. ಅಪ್ಪನ ಕಣ್ಣಿನ ಆಪರೇಷನ್, ಆಮೇಲೆ ಅವರ ಕೊನೆಯ ವರ್ಷದ ಆಸ್ಪತ್ರೆ. ಹಳೆಯ ಕಾರೊಂದರ ಸಾಲ. ಯಾವುದನ್ನೂ ಬೇಡವಾಗಿತ್ತು ಅನ್ನಲಾರೆ. ಆದರೆ ಇವುಗಳಲ್ಲೆಲ್ಲ ಒಂದು ಸಮಾನ ಗುಣ ಕಂಡಿತು: ಪ್ರತಿಯೊಂದಕ್ಕೂ ಬಂದು ಕೇಳುವವರು ಒಬ್ಬರಿದ್ದರು. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿದ ಕೂಡಲೇ ಮನೆ ಓನರ್ ಶೇ 5 ಸೇರಿಸಿ ಹೊಸ ಕಾಗದ ತರುತ್ತಾರೆ. ಆ ಮಾತು ಮೊದಲ ಅಗ್ರಿಮೆಂಟಿನಲ್ಲೇ ಬರೆದಿರುತ್ತದೆ, ನಾನೇ ಸಹಿ ಹಾಕಿರುತ್ತೇನೆ. ಶಾಲೆಯವರು ಜನವರಿಯಲ್ಲೇ ಹೊಸ ಫೀಸಿನ ಚೀಟಿ ಕಳಿಸುತ್ತಾರೆ. ನಾಳಿನ ನನಗಾಗಿ ಕೇಳುವವರು ಯಾರೂ ಇರಲಿಲ್ಲ. ಬಾಡಿಗೆ ವರ್ಷ ವರ್ಷ ಏರುವುದಕ್ಕೆ ಮೊದಲೇ ಸಹಿ ಹಾಕಿಕೊಟ್ಟವನು ಉಳಿತಾಯಕ್ಕೆ ಅಂಥದೊಂದು ಸಹಿ ಹಾಕಿರಲಿಲ್ಲ.

ಅಪ್ಪನ ಬಿಲ್ಲು

ಅಪ್ಪ ತಿಪಟೂರಿನ ಹತ್ತಿರ ಪ್ರಾಥಮಿಕ ಶಾಲೆಯ ಮೇಷ್ಟ್ರು. ತಿಂಗಳ ಸಂಬಳದ ಬಿಲ್ಲನ್ನು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾವೇ ನಕಲು ಮಾಡಿಕೊಳ್ಳುವುದು ಅವರ ರೂಢಿ. ಎಡಗಡೆ ಮೂಲ ವೇತನ, ಡಿಎ (ತುಟ್ಟಿಭತ್ಯೆ), ಮನೆ ಬಾಡಿಗೆ ಭತ್ಯೆ. ಬಲಗಡೆ ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ), ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ), ವೃತ್ತಿ ತೆರಿಗೆ, ಸೊಸೈಟಿ ಸಾಲ. ಎರಡರ ನಡುವೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ.

1999ರಲ್ಲಿ ಹೊಸ ವೇತನ ಶ್ರೇಣಿ ಬಂದಾಗಿನ ಒಂದು ಸಂಜೆ ಚೆನ್ನಾಗಿ ನೆನಪಿದೆ. ಕರೆಂಟು ಹೋಗಿತ್ತು, ಲಾಟೀನಿನ ಬೆಳಕಲ್ಲಿ ಅಪ್ಪ ಬರೆಯುತ್ತಿದ್ದರು. ನಾನು ಪಕ್ಕದಲ್ಲಿ ಮಗ್ಗಿ ಬರೆಯುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ಈ ಸಲ ಕೈಗೆ ಎಷ್ಟು ಬರುತ್ತೆ?" ಅಪ್ಪ ತಕ್ಷಣ ಹೇಳಲಿಲ್ಲ. ಬಲಗಡೆಯ ಸಾಲಿನಲ್ಲಿ ಜಿಪಿಎಫ್ ಎದುರು 400 ಇರುತ್ತಿದ್ದ ಜಾಗದಲ್ಲಿ 700 ಅಂತ ಬರೆದು, ಕೂಡಿ, ಕಳೆದು, ಕೆಳಗೆ ಬಂದ ಮೊತ್ತವನ್ನು ಓದಿ ಹೇಳಿದರು. ಜಿಪಿಎಫ್ ಕಡಿತ ಹೆಚ್ಚಿಸಲು ಅರ್ಜಿಯನ್ನು ಆ ಹೊತ್ತಿಗಾಗಲೇ ಹೆಡ್‌ಮಾಸ್ಟರ್ ಕೈಗೆ ಕೊಟ್ಟು ಬಂದಿದ್ದರು. ನನ್ನ ಕಡೆ ತಿರುಗಿ, "ದುಡ್ಡು ಮನೆ ಹೊಸ್ತಿಲು ದಾಟೋ ಮುಂಚೆ ಕಟ್ ಆಗ್ಬೇಕು ಕಣೋ. ದಾಟಿದ ಮೇಲೆ ಅದಕ್ಕೆ ನೂರು ಕೆಲಸ" ಅಂದರು.

ಪ್ರತಿ ಇನ್‌ಕ್ರಿಮೆಂಟಿಗೂ ಅವರು ಹೀಗೇ ಮಾಡುತ್ತಿದ್ದರು. ಕೆಲವು ವರ್ಷ ಐವತ್ತು ರೂಪಾಯಿ, ಕೆಲವು ವರ್ಷ ನೂರು. ಆಗ ಜಿಪಿಎಫ್‌ಗೆ ಶೇ 12 ಬಡ್ಡಿ ಇತ್ತು ಎನ್ನುವುದೂ ದೊಡ್ಡ ಮಾತು. ಇನ್ನು ಕೆಜಿಐಡಿಯಲ್ಲಿ ಅವರ ಇಷ್ಟಾನಿಷ್ಟದ ಪ್ರಶ್ನೆಯೇ ಇರಲಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1891ರಲ್ಲಿ ಶುರುವಾದ ಆ ವಿಮೆಯಲ್ಲಿ ಸಂಬಳ ಏರಿದ ಹಾಗೆ ಹೆಚ್ಚುವರಿ ಪಾಲಿಸಿ ಮಾಡಿಸಬೇಕು ಅಂತ ನಿಯಮ. ಸರ್ಕಾರಿ ನೌಕರರ ಮನೆಗಳಲ್ಲಿ ಬೆಳೆದವರಿಗೆ ಆ ನಾಲ್ಕೈದು ಪಾಲಿಸಿ ನಂಬರುಗಳ ಪಟ್ಟಿ ಗೊತ್ತಿರುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿ ಬದಲು ಬಂದ, ನೌಕರರೂ ಕಂತು ಕಟ್ಟುವ ಎನ್‌ಪಿಎಸ್ ಬಗ್ಗೆ ಇರುವ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಅದರಲ್ಲೂ ಮೂಲ ವೇತನ ಮತ್ತು ಡಿಎಯ ಶೇ 10 ಅಂತ ಲೆಕ್ಕ ಇರುವುದರಿಂದ, ಸಂಬಳ ಏರಿದರೆ ಕಂತು ತಾನಾಗಿ ಏರುತ್ತದೆ.

2007ರಲ್ಲಿ ಅಕ್ಕನ ಮದುವೆಗೆ ಅಪ್ಪ ಜಿಪಿಎಫ್‌ನಿಂದ ಒಂದು ಲಕ್ಷ ಎಂಬತ್ತು ಸಾವಿರ ತೆಗೆದರು. ಯಾರ ಹತ್ತಿರವೂ ಸಾಲ ಮಾಡಲಿಲ್ಲ. ಊರಲ್ಲಿ ಅದೊಂದು ಮಾತಾಗಿತ್ತು. ನಾನೂ ಬಹಳ ವರ್ಷ ಆ ಕಥೆಯನ್ನು ಅಪ್ಪನ ಕಥೆಯಾಗಿಯೇ ಹೇಳುತ್ತಿದ್ದೆ.

ಅಮ್ಮನಿಗೂ ಬಿಲ್ಲು ಓದಲು ಬರುತ್ತಿತ್ತು

ಅಪ್ಪ ತೀರಿಕೊಂಡ ಮೇಲೆ, ಒಂದು ದಸರಾ ರಜೆಯಲ್ಲಿ ಆ ನೋಟ್‌ಬುಕ್ಕುಗಳ ಕಟ್ಟು ಬಿಚ್ಚಿ ಕೂತಿದ್ದೆ. ಅಮ್ಮ ಅಡುಗೆಮನೆಯಲ್ಲಿ ಮಿಕ್ಸಿಗೆ ಕಾಯಿತುರಿ ಹಾಕುತ್ತಿದ್ದರು. 700 ಬರೆದಿದ್ದ ಪುಟ ತೋರಿಸಿ, ನೋಡಮ್ಮ, ಅಪ್ಪ ಎಷ್ಟು ಯೋಚನೆ ಮಾಡಿ ಉಳಿಸ್ತಿದ್ರು ಅಂದೆ. ಅಮ್ಮ ಮಿಕ್ಸಿ ನಿಲ್ಲಿಸಿದರು.

"ನಂಗೂ ಬಿಲ್ಲು ಓದೋಕೆ ಬರ್ತಿತ್ತು ಕಣೋ. ಏಳ್ನೇ ಕ್ಲಾಸ್ ಪಾಸಾಗಿದೀನಿ. ಮುನ್ನೂರು ಜಾಸ್ತಿ ಕಟ್ ಮಾಡ್ಸಿದ್ದು ಅವತ್ತೇ ಗೊತ್ತಾಯ್ತು. ಮಿಕ್ಸಿ ತಗೊಳ್ಳೋಣ ಅಂತ ಅದಕ್ಕೂ ಹಿಂದಿನ ವರ್ಷದಿಂದ ಕೇಳ್ತಿದ್ದೆ. ಹೊಸ ಸಂಬಳ ಬರ್ಲಿ ಅಂದಿದ್ರು. ಬಂತು. ಇನ್ನೆರಡು ವರ್ಷ ಒರಳಲ್ಲೇ ರುಬ್ಬಿದೆ. ನಿಮ್ಮಪ್ಪ ಉಳಿಸಿದ್ರು ಅಂತೀಯ, ನನ್ನ ರಟ್ಟೇನೂ ಅದ್ರಲ್ಲಿದೆ."

ಕೋಪದಿಂದ ಹೇಳಲಿಲ್ಲ. ಹೇಳಿ ಮತ್ತೆ ಮಿಕ್ಸಿ ಹಾಕಿದರು. ನಾನು ಪುಟ ತಿರುಗಿಸುತ್ತಾ ಹೋದೆ. 2001ರ ಒಂದು ತಿಂಗಳಲ್ಲಿ ಕೆಂಪು ಗೆರೆಯ ಕೆಳಗೆ, ಅಂಚಿನಲ್ಲಿ, ಅಪ್ಪನ ಅಕ್ಷರದಲ್ಲೇ "ಮಿಕ್ಸಿ" ಅಂತಿತ್ತು.

ಸಂಬಳ ಏರಿದಾಗ ಉಳಿತಾಯ ಏರಿಸಿ ಅಂತ ಹೇಳುವ ಬರಹಗಳಲ್ಲಿ, ವಿಡಿಯೋಗಳಲ್ಲಿ ಈ ಒರಳುಕಲ್ಲು ಇರುವುದಿಲ್ಲ. ಏರಿದ ಸಂಬಳ ಯಾರೂ ಕಾಯದೆ ಇದ್ದ ದುಡ್ಡು ಎನ್ನುವಂತೆ ಅವರು ಮಾತಾಡುತ್ತಾರೆ. ನಮ್ಮಂಥ ಮನೆಗಳಲ್ಲಿ ಇನ್‌ಕ್ರಿಮೆಂಟಿಗೆ ಒಬ್ಬರಲ್ಲ ಒಬ್ಬರು ವರ್ಷದಿಂದ ಕಾಯುತ್ತಿರುತ್ತಾರೆ. ಅದಕ್ಕೇ ನನಗೆ ಅಪ್ಪನ ದಾರಿ ಅರ್ಧ ಒಪ್ಪಿಗೆ. ದುಡ್ಡು ಹೊಸ್ತಿಲು ದಾಟುವ ಮುಂಚೆ ಕಡಿತವಾಗಬೇಕು ಎನ್ನುವುದು ಸರಿ. ಎಷ್ಟು ಎನ್ನುವುದನ್ನು ಒಬ್ಬರೇ ಲಾಟೀನಿನ ಮುಂದೆ ಕೂತು ತೀರ್ಮಾನಿಸುವುದು ಸರಿಯಲ್ಲ.

2014ರಲ್ಲಿ ನಿಂತ ಅಂಕಿಗಳು

ಅಪ್ಪನಿಗೆ ಇದ್ದ ಏರುವ ಕಡಿತ ನನಗೆ ಯಾಕಿಲ್ಲ ಅಂತ ಪೇ ಸ್ಲಿಪ್ ತೆಗೆದು ನೋಡಿದೆ. ಪಿಎಫ್ ಇದೆಯಲ್ಲ, ಮೂಲ ವೇತನದ ಶೇ 12, ಸಂಬಳದ ಜೊತೆ ಏರಬೇಕು ಅಂದುಕೊಂಡಿದ್ದೆ. ನನ್ನ ಸ್ಲಿಪ್ಪಿನಲ್ಲಿ ಪಿಎಫ್ ಎದುರು 1,800 ಇತ್ತು. ಹೋದ ವರ್ಷವೂ 1,800, ಐದು ವರ್ಷದ ಹಿಂದೆಯೂ 1,800. ಕಾರಣ ಹೊಸದೇನಲ್ಲ. ಪಿಎಫ್ ಲೆಕ್ಕಕ್ಕೆ ಕಾನೂನು ಇಟ್ಟಿರುವ ವೇತನ ಮಿತಿ 15,000, ಅದರ ಶೇ 12 ಅಂದರೆ 1,800. ಎಷ್ಟೋ ಕಂಪನಿಗಳು ಅಲ್ಲಿಗೇ ನಿಲ್ಲಿಸುತ್ತವೆ, ತಪ್ಪೇನೂ ಅಲ್ಲ. 2014ರ ಸೆಪ್ಟೆಂಬರಿಗೆ ಮುಂಚೆ ಆ ಮಿತಿ 6,500 ಇತ್ತು, ಆಗ ನನಗೆ 780 ಕಡಿತವಾಗುತ್ತಿತ್ತು. ಮಿತಿ ಏರಿದ ತಿಂಗಳು 1,800 ಆಯಿತು, ಆಮೇಲೆ ಅಲ್ಲಾಡಲಿಲ್ಲ.

ಉಳಿತಾಯಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ 80ಸಿ ವಿನಾಯಿತಿಯ ಕಥೆಯೂ ಇದೇ. ಒಂದೂವರೆ ಲಕ್ಷದ ಮಿತಿ ಬಂದದ್ದು 2014ರಲ್ಲಿ. ಪಿಪಿಎಫ್ ಎಂಬ ಸರ್ಕಾರಿ ಉಳಿತಾಯ ಯೋಜನೆಯಲ್ಲಿ ವರ್ಷಕ್ಕೆ ಕಟ್ಟಬಹುದಾದ ಗರಿಷ್ಠ ಮೊತ್ತವೂ ಆ ವರ್ಷವೇ ಒಂದೂವರೆ ಲಕ್ಷ ಆಯಿತು. ಹತ್ತು ವರ್ಷ ಕಳೆದರೂ ಎರಡೂ ಅಲ್ಲೇ ಇದ್ದವು. ನನ್ನ ಸಹೋದ್ಯೋಗಿಗಳಲ್ಲಿ ತಿಂಗಳಿಗೆ 12,500 ಉಳಿಸುವವರು ಹಲವರಿದ್ದಾರೆ. ಯಾಕೆ ಅಷ್ಟೇ ಅಂತ ಕೇಳಿದರೆ, ಒಂದೂವರೆ ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಅದು. ತೆರಿಗೆಗಾಗಿ ಸರ್ಕಾರ ಇಟ್ಟ ಗೆರೆಯನ್ನು ನಾವು ಸಾಕಷ್ಟು ಎನ್ನುವುದಕ್ಕೆ ಗೆರೆಯಾಗಿ ಮಾಡಿಕೊಂಡಿದ್ದೇವೆ. ಈಗ ಬಹಳ ಜನ ಹೊಸ ತೆರಿಗೆ ಪದ್ಧತಿಗೆ ಹೋಗಿದ್ದಾರೆ, ಅಲ್ಲಿ 80ಸಿಯೇ ಇಲ್ಲ. ಆದರೂ ಆ 12,500 ಹಾಗೇ ಉಳಿದಿದೆ.

ಪಿಎಫ್‌ನಲ್ಲಿ ಹೆಚ್ಚು ಕಟ್ಟಲು ವಿಪಿಎಫ್ ಇದೆ. ಮೂಲ ವೇತನದ ಇಂತಿಷ್ಟು ಶೇಕಡಾ ಅಂತ ಬರೆದುಕೊಟ್ಟರೆ ಅದು ಸಂಬಳದ ಜೊತೆ ತಾನೇ ಏರುತ್ತದೆ. 2023-24ಕ್ಕೆ ಬಡ್ಡಿ ಶೇ 8.25. ಷೇರು ಮಾರುಕಟ್ಟೆಯ ಏರಿಳಿತ ಸಹಿಸಲಾಗದವರಿಗೆ ಇದಕ್ಕಿಂತ ಸರಳ ದಾರಿ ನನಗೆ ಕಾಣುವುದಿಲ್ಲ. ನಮ್ಮಲ್ಲಿ ಇದನ್ನು ಬದಲಾಯಿಸುವುದು ಏಪ್ರಿಲ್‌ನಲ್ಲಿ ಮಾತ್ರ, ಅದಕ್ಕೇ ನಾನು ಎಸ್‌ಐಪಿ ಕಡೆ ತಿರುಗಿದೆ.

ಕ್ಯಾಲ್ಕುಲೇಟರ್ ಹೇಳದ ಅರ್ಧ

ವರ್ಷಕ್ಕೆ ಶೇ 10ರಂತೆ ಕಂತು ಏರಿಸುತ್ತಾ ಹೋದರೆ ಏನಾಗುತ್ತದೆ ಅಂತ ಎಲ್ಲ ಆ್ಯಪುಗಳೂ ತೋರಿಸುತ್ತವೆ. ತಿಂಗಳಿಗೆ 10,000ದಂತೆ 20 ವರ್ಷ, ವರ್ಷಕ್ಕೆ ಶೇ 12 ಬೆಳವಣಿಗೆ ಎಂಬ ಊಹೆಯಲ್ಲಿ ಸುಮಾರು ಒಂದು ಕೋಟಿ. ಪ್ರತಿ ವರ್ಷ ಕಂತನ್ನು ಶೇ 10 ಏರಿಸಿದರೆ ಸುಮಾರು ಎರಡು ಕೋಟಿ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಮೊದಲನೆಯದರಲ್ಲಿ ನಾವು ಕಟ್ಟುವುದು 24 ಲಕ್ಷ, ಎರಡನೆಯದರಲ್ಲಿ ಸುಮಾರು 68.7 ಲಕ್ಷ. ಆ ಹೆಚ್ಚುವರಿ ಕೋಟಿಯಲ್ಲಿ ನಲವತ್ತೈದು ಲಕ್ಷದ ಹತ್ತಿರ ನಮ್ಮ ಜೇಬಿನದೇ. ಇಪ್ಪತ್ತನೇ ವರ್ಷಕ್ಕೆ ತಿಂಗಳ ಕಂತು 61,000 ದಾಟಿರುತ್ತದೆ ಅಂತ ಎಷ್ಟು ಜನ ಗಮನಿಸುತ್ತಾರೆ?

ನನ್ನದೇ ಮೂರು ಸಾವಿರಕ್ಕೆ ಇದೇ ಊಹೆಯಲ್ಲಿ ಲೆಕ್ಕ ಹಾಕಿದೆ. ಹನ್ನೊಂದು ವರ್ಷ ಏರಿಸದೆ ಕಟ್ಟಿದರೆ 3.96 ಲಕ್ಷ ಹಾಕಿ ಸುಮಾರು 8.24 ಲಕ್ಷ. ವರ್ಷಕ್ಕೆ ಶೇ 10 ಏರಿಸಿದ್ದರೆ 6.67 ಲಕ್ಷ ಹಾಕಿ ಸುಮಾರು 12.4 ಲಕ್ಷ. ವ್ಯತ್ಯಾಸ ನಾಲ್ಕು ಲಕ್ಷ ಚಿಲ್ಲರೆ, ಅದರಲ್ಲಿ 2.7 ಲಕ್ಷ ನಾನೇ ಹಾಕಬೇಕಾಗಿದ್ದ ದುಡ್ಡು. ತಡವಾಗಿ ಸೇರುವ ರೂಪಾಯಿಗೆ ಬೆಳೆಯಲು ಸಮಯ ಕಡಿಮೆ, ಹಾಗಾಗಿ ಏರಿಕೆಯಿಂದ ಪವಾಡ ಆಗುವುದಿಲ್ಲ. ಹೀಗೆ ಬಿಡಿಸಿ ನೋಡಿದ ಮೇಲೆ ನನಗೆ ನಿಜವಾಗಿ ನೆಮ್ಮದಿಯಾಯಿತು. ಕಳೆದುಕೊಂಡದ್ದು ಕೋಟಿಗಳಲ್ಲ, ಅದರಲ್ಲಿ ಬಹುಪಾಲು ಅಪ್ಪನ ಆಸ್ಪತ್ರೆಗೆ, ಮಗಳ ಶಾಲೆಗೆ ಸಂದಿತ್ತು.

ಇನ್ನೊಂದು ವಿಷಯ ಓದಿ ಬಹಳ ಯೋಚಿಸಿದೆ. ಅಮೆರಿಕದಲ್ಲಿ 1998ರಲ್ಲಿ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರ ಯೋಜನೆಯೊಂದನ್ನು ಜಾರಿಗೆ ತಂದರು. ಈಗಲೇ ಹೆಚ್ಚು ಉಳಿಸಿ ಎಂದಾಗ ಆಗಲ್ಲ ಅಂದಿದ್ದ ನೌಕರರನ್ನು, ಮುಂದೆ ಪ್ರತಿ ಸಲ ಸಂಬಳ ಏರಿದಾಗ ಸಂಬಳದ ಶೇಕಡಾ ಮೂರರಷ್ಟು ಹೆಚ್ಚು ಕಡಿತ ಮಾಡೋಣವೇ ಎಂದು ಕೇಳಿದರು. ನೂರಕ್ಕೆ 78 ಮಂದಿ ಒಪ್ಪಿದರು. ಹೀಗೆ ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ 13.6ಕ್ಕೆ ಏರಿತು. ನಾನೂ ಕಾರ್ಖಾನೆಯವನೇ, ಪೀಣ್ಯದಲ್ಲಿ ಖರೀದಿ ವಿಭಾಗ. ಆ 3.5 ಓದಿದಾಗ ನನ್ನ 3.3 ನೆನಪಾಯಿತು. ಅವರು ಮಾಡಿದ್ದು ಇಷ್ಟೇ: ಇವತ್ತಿನ ಸಂಬಳ ಮುಟ್ಟಲಿಲ್ಲ, ಬರಲಿರುವುದರಲ್ಲಿ ಪಾಲು ಕೇಳಿದರು, ಅದೂ ಬರುವ ಮುಂಚೆಯೇ.

ಅರ್ಧ

ನಾವಿಬ್ಬರೂ ಮಾತಾಡಿ ತೀರ್ಮಾನಿಸಿದ್ದು ಹೀಗೆ. ಏರಿದ್ದರಲ್ಲಿ ಅರ್ಧ ಉಳಿತಾಯಕ್ಕೆ, ಅರ್ಧ ಮನೆಗೆ. ಆ ಸಲ ಕೈಗೆ ಬರುವುದು 84,600ರಿಂದ 92,000ಕ್ಕೆ ಏರಿತ್ತು, 7,400. ಅರ್ಧ 3,700. ಹಳೆಯ ಮೂರು ಸಾವಿರದ ಜೊತೆ 6,700 ಆಯಿತು, ಸಂಬಳದ ಶೇ 7.3. ಒಮ್ಮೆಗೇ ಹಳೆಯ ಶೇ 12.5ಕ್ಕೆ, ಅಂದರೆ 11,500ಕ್ಕೆ, ಹಾರಬಹುದಿತ್ತಲ್ಲ ಅನ್ನಿಸಿತು. ಆದರೆ ಆಗ ಮನೆಯ ಯಾವುದೋ ಖರ್ಚಿಗೆ ಕತ್ತರಿ ಹಾಕಬೇಕಾಗುತ್ತಿತ್ತು. ವರ್ಷಕ್ಕೆ ಶೇ 8ರಷ್ಟು ಸಂಬಳ ಏರಿದರೆ, ಪ್ರತಿ ಸಲ ಏರಿದ್ದರಲ್ಲಿ ಅರ್ಧ ಎತ್ತಿಟ್ಟರೆ, ಇನ್ನು ಎರಡು ವರ್ಷಕ್ಕೆ ಶೇ 13 ದಾಟುತ್ತೇವೆ. ಹನ್ನೊಂದು ವರ್ಷದ ಜಾರಿಕೆ ಮೂರು ಇನ್‌ಕ್ರಿಮೆಂಟಿನಲ್ಲಿ ಸರಿಹೋಗುತ್ತದೆ, ಅದೂ ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳದೆ. ಇದು ಗೊತ್ತಾದ ದಿನ ಆದಷ್ಟು ಸಂತೋಷ ನನಗೆ ಸಂಬಳ ಏರಿದ ದಿನವೂ ಆಗಿರಲಿಲ್ಲ.

ಮಾಡುವಾಗ ಒಂದೆರಡು ತೊಡಕು ಎದುರಾದವು. ಟಾಪ್-ಅಪ್ ಸೌಲಭ್ಯದಲ್ಲಿ ವರ್ಷಕ್ಕೊಮ್ಮೆ ಇಷ್ಟು ರೂಪಾಯಿ ಅಥವಾ ಇಷ್ಟು ಶೇಕಡಾ ತಾನಾಗಿ ಏರಲಿ ಅಂತ ಬರೆದುಕೊಡಬಹುದು. ಆದರೆ ನನ್ನ ಹಳೆಯ ಬ್ಯಾಂಕ್ ಮ್ಯಾಂಡೇಟಿನ, ಅಂದರೆ ಖಾತೆಯಿಂದ ಕಂತು ಕಡಿತ ಮಾಡಲು ಬರೆದುಕೊಟ್ಟ ಒಪ್ಪಿಗೆಯ, ಮಿತಿ 5,000 ಇತ್ತು. ಕಂತು ಅದನ್ನು ಮೀರಿದರೆ ಬ್ಯಾಂಕು ಕಡಿತ ಮಾಡುವುದಿಲ್ಲ, ತಪ್ಪಿದ ಕಂತಿಗೆ ದಂಡ ಬೇರೆ, ಸತತ ಮೂರು ತಿಂಗಳು ತಪ್ಪಿದರೆ ಎಸ್‌ಐಪಿಯೇ ರದ್ದು. ಟಾಪ್-ಅಪ್ ಹಾಕುವವರು ಮೊದಲು ಮ್ಯಾಂಡೇಟಿನ ಮಿತಿ ನೋಡಿಕೊಳ್ಳಿ.

ಕೊನೆಗೆ ನಾನು ಟಾಪ್-ಅಪ್ ಹಾಕಲಿಲ್ಲ. 3,700ಕ್ಕೆ ಹೊಸ ಮ್ಯಾಂಡೇಟ್ ಮಾಡಿ ಬೇರೆಯೇ ಎಸ್‌ಐಪಿ ಶುರು ಮಾಡಿದೆ, ಮುಂದಿನ ವರ್ಷ ಇನ್ನೊಂದು. ಇದಕ್ಕೆ ಕಾರಣ 2020. ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಶ ಬಿದ್ದಿತ್ತು. ಲಾಕ್‌ಡೌನ್ ಆಗಿ ನಾಲ್ಕು ತಿಂಗಳು ನಮಗೆ ಸಂಬಳದ ಶೇ 70 ಮಾತ್ರ ಬಂತು. ಆಗ ನನ್ನ ಮೂರು ಸಾವಿರ ನಿಲ್ಲದೆ ನಡೆದದ್ದು ಅದು ಚಿಕ್ಕದಾಗಿದ್ದರಿಂದಲೇ. ತಾನಾಗಿ ಏರಿ ಏರಿ ದೊಡ್ಡದಾಗಿದ್ದರೆ ಪೂರ್ತಿ ನಿಲ್ಲಿಸಿಬಿಡುತ್ತಿದ್ದೆನೇನೋ, ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ವರ್ಷಕ್ಕೊಂದು ಬೇರೆ ಎಸ್‌ಐಪಿ ಇದ್ದರೆ, ಕೈ ಕಟ್ಟಿದಾಗ ಕೊನೆಯದನ್ನಷ್ಟೇ ನಿಲ್ಲಿಸಿ ಉಳಿದವನ್ನು ಹಾಗೇ ನಡೆಯಲು ಬಿಡಬಹುದು. ಮೆಸೇಜುಗಳು ಹೆಚ್ಚಾಗುತ್ತವೆ, ಆಗಲಿ.

ಮನೆಯ ಪಾಲಿನ 3,700ರಲ್ಲಿ ಏನು ಮಾಡಬೇಕು ಎನ್ನುವುದು ಪೂರ್ತಿ ನನ್ನ ಹೆಂಡತಿಯ ತೀರ್ಮಾನ. ಅವಳು ಹೊಲಿಗೆ ಕ್ಲಾಸಿಗೆ ಸೇರಬೇಕು ಅಂತ ಮೂರು ವರ್ಷದಿಂದ ಅನ್ನುತ್ತಿದ್ದಳು. ಅಷ್ಟು ಸಲ ಹೇಳಿದ್ದಳು ಅಂತ ನನಗೆ ಅವತ್ತೇ ಸರಿಯಾಗಿ ಕೇಳಿಸಿದ್ದು.

ಹೊಸ ಎಸ್‌ಐಪಿಯ ಮೊದಲ ಕಂತು ಹೋದ ದಿನ ಊರಿಗೆ ಫೋನು ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಎಷ್ಟು ಬೆಳೆಯುತ್ತೆ, ಯಾವಾಗ ಸಿಗುತ್ತೆ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ.

"ಅವಳ ಪಾಲು ಎಷ್ಟು?"

"ಅರ್ಧ, ಅಮ್ಮ."

"ಬಾಯಲ್ಲಿ ಹೇಳಿದೀಯೋ, ಬರೆದಿದೀಯೋ?"

ಬರೆದಿದ್ದೇನೆ ಅಂದೆ. ಮಗಳ ಹಳೆಯ ನೋಟ್‌ಬುಕ್ಕಿನ ಹಾಳೆ, ಎಡಗಡೆ ಒಂದು, ಬಲಗಡೆ ಒಂದು, ನಡುವೆ ಕೆಂಪು ಗೆರೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.